ಬೋರ್ಡಿಗೆ ಬೆನ್ನು ಹಾಕಿ ನಿಂತವಳು

ದಸರಾ ರಜೆ ಮುಗಿದು ಶಾಲೆಗಳು ಶುರುವಾದ ವಾರವೇ ಆ ಕೆಲಸ ನನ್ನ ತಲೆಗೆ ಬಂತು. ಕಾರವಾರದ ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ನಾನು ಉಪನ್ಯಾಸಕಿ. ಸಮಾನತೆ, ಮಾನವ ಹಕ್ಕು ಇವನ್ನೆಲ್ಲ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಅಂಕೋಲಾ ತಾಲೂಕಿನ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡಬೇಕಿತ್ತು. ಸಹೋದ್ಯೋಗಿಗಳು ಒಬ್ಬೊಬ್ಬರೂ ಒಂದೊಂದು ನೆವ ಹೇಳಿ ಜಾರಿಕೊಂಡರು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಮಗಳ ನಿಶ್ಚಿತಾರ್ಥ. ನನಗೆ ನೆವ ಹೊಳೆಯುವಷ್ಟರಲ್ಲಿ ಪ್ರಾಚಾರ್ಯರು ಆದೇಶಕ್ಕೆ ಸಹಿ ಹಾಕಿಯಾಗಿತ್ತು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಶಿಕ್ಷಕರೆಲ್ಲ ಅಂಕೋಲೆಯಲ್ಲಿ ಸೇರುತ್ತಿದ್ದರು. ನಾನು ಸದಾಶಿವಗಡದ ಮನೆಯಿಂದ ಹೊರಟು, ಕಾಳಿ ಸೇತುವೆ ದಾಟಿ, ಕಾರವಾರದ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ಹೋಗಬೇಕು. ಊಟವಾದ ಮೇಲಿನ ಹೊತ್ತು, ಸೆಕೆ, ವಾರವಿಡೀ ದುಡಿದ ಮಾಸ್ತರರು. ಅವರನ್ನು ಎಚ್ಚರವಾಗಿ ಕೂರಿಸುವುದೇ ಒಂದು ಸಾಹಸವಾಗಿತ್ತು.

ಮೊದಲ ಎರಡು ಶನಿವಾರ ದಕ್ಷಿಣ ಆಫ್ರಿಕಾದ ವರ್ಣಭೇದ, ಅಮೆರಿಕದ ಗುಲಾಮಗಿರಿ ಹೇಳಿದೆ. ಎಲ್ಲರ ಮನಸ್ಸೂ ಕರಗಿತು. ಬಿಳಿಯರಿಗೆ ಬೇರೆ ಬೆಂಚು, ಕರಿಯರಿಗೆ ಬೇರೆ ಬೆಂಚು ಎಂದಾಗ ಹಿರಿಯ ಮಾಸ್ತರರೊಬ್ಬರು ಚ್ಚು ಚ್ಚು ಎಂದು ಲೊಚಗುಟ್ಟಿದರು. ಆದರೆ ನಮ್ಮೂರಿನ ಮಾತು ಎತ್ತಿದ ಕೂಡಲೇ ಗಾಳಿ ತಿರುಗಿತು.

“ಜಾತಿ ಅಂದ್ರೆ ಒಪ್ಪುವಾ ಮೇಡಂ,” ಅದೇ ಹಿರಿಯರು ಎದ್ದರು. “ಈ ಬಣ್ಣದ ಭೇದ, ಜನಾಂಗದ ಭೇದ ಎಲ್ಲಾ ಬಿಳೀ ಜನರ ದೇಶದ್ದು. ನಮ್ಮ ಅಂಕೋಲೆಗೆ ಅದು ಎಲ್ಲಿಂದ ಬಂತು?”

“ನಿಮ್ಮ ಮಗನಿಗೆ ಹೆಣ್ಣು ನೋಡುವಾಗ ಬಣ್ಣ ಕೇಳಲಿಲ್ಲವೇ?” ಎಂದೆ.

“ಕೇಳಿದ್ದು ನಾನಲ್ಲ ಮೇಡಂ, ಮನೆಯವಳು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ನಗುವಿನಲ್ಲಿ ತೇಲಿ ಹೋಯಿತು. ನನಗೆ ಸಿಟ್ಟು ಬೇಗ ಬರುತ್ತದೆ, ಆದರೆ ನಗಿಸಿದವರ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಆ ದೌರ್ಬಲ್ಯ ಗೊತ್ತಾದ ಮೇಲೆ ಅವರು ಪ್ರತಿ ಶನಿವಾರವೂ ನನ್ನನ್ನು ನಗಿಸಿದರು.

ಅವರಲ್ಲಿ ನಗಿಸದೆ, ತೂಕಡಿಸದೆ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವರು ಬಾಳೆಗುಳಿ ಕಡೆಯ ಶಾಲೆಯ ಮಾಸ್ತರರೊಬ್ಬರೇ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಯಾವಾಗಲೂ ಬಣ್ಣದ ಸೀಮೆಸುಣ್ಣದ ತುಂಡುಗಳು. ಊರಿನ ನಾಟಕಗಳಲ್ಲಿ ಪಾರ್ಟು ಮಾಡುವವರಾದ್ದರಿಂದ ದನಿಯೂ ಗಟ್ಟಿ. ಬೋರ್ಡಿನ ಮೇಲಿನ ಅವರ ಅಕ್ಷರ ನೋಡಲೆಂದೇ ಪಕ್ಕದ ತರಗತಿಯ ಮಕ್ಕಳು ಬರುತ್ತಾರೆಂದು ಅವರ ಹೆಡ್‌ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದರು. ತರಬೇತಿಯ ಕೊನೆಗೆ ಒಬ್ಬರು ನಿಜವಾದ ತರಗತಿಯಲ್ಲಿ ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಚೆನ್ನಾಗಿ ಬಂದರೆ ಅದೇ ಪಾಠ ಕಾರವಾರದ ಜಿಲ್ಲಾ ಸಮಾವೇಶದಲ್ಲಿ ಇನ್ನೊಮ್ಮೆ ನಡೆಯಬೇಕು. ಯಾರು ಮಾಡುತ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ಅವರ ಕಡೆ ನೋಡಿದರು. ಅವರು ನಾಚುತ್ತ ಎದ್ದು ನಿಂತರು.

ಮಾದರಿ ಪಾಠ ಎಂದರೇನೆಂದು ಶಿಕ್ಷಕರಲ್ಲದವರಿಗೆ ಹೇಳಬೇಕು. ತರಗತಿಯ ಹಿಂದೆ ನಾಲ್ಕೈದು ಕುರ್ಚಿ ಹಾಕಿ ವೀಕ್ಷಕರು ಕೂರುತ್ತಾರೆ. ಮಾಸ್ತರರು ಪಾಠ ಯೋಜನೆಯ ಪ್ರತಿಯನ್ನು ಮೊದಲೇ ಅವರ ಕೈಗೆ ಕೊಟ್ಟಿರುತ್ತಾರೆ. ಮಕ್ಕಳಿಗೆ ಹಿಂದಿನ ದಿನವೇ ಪ್ರಶ್ನೆಗಳನ್ನೂ ಉತ್ತರಗಳನ್ನೂ ಹೇಳಿಕೊಟ್ಟಿರುತ್ತಾರೆ. ಇದು ಹಿಂದೆ ಕೂತವರಿಗೂ ಗೊತ್ತು. ಯಾಕೆಂದರೆ ಅವರೂ ಒಂದು ಕಾಲದಲ್ಲಿ ಹೀಗೇ ಪಾಠ ಮಾಡಿ ಪಾಸಾದವರು.

ಒಂಬತ್ತನೇ ತರಗತಿ. ಮಾಸ್ತರರು ಗ್ಲೋಬ್ ತಿರುಗಿಸಿ ಆಫ್ರಿಕಾ ತೋರಿಸಿದರು, ಭೂಪಟದಲ್ಲಿ ಹಡಗಿನ ದಾರಿಯ ಗೆರೆ ಎಳೆದರು. ಬೋರ್ಡಿನ ಮೇಲೆ ನಾಲ್ಕು ಬಣ್ಣದಲ್ಲಿ ಮುಖ್ಯಾಂಶಗಳು ಮೂಡುತ್ತಿದ್ದವು. ಆಮೇಲೆ ಮೂರನೇ ಬೆಂಚಿನ ಕಡೆ ಕೈ ಮಾಡಿದರು. ಒಬ್ಬಳು ಹುಡುಗಿ ಎದ್ದು ಮುಂದೆ ಬಂದು, ತರಗತಿಗೆ ಮುಖ ಮಾಡಿ ನಿಂತಳು. ಅವಳು ಹುಬ್ಬಳ್ಳಿ ರಸ್ತೆಯ ಮೇಲೆ ಘಟ್ಟದ ಕಾಡಿನಲ್ಲಿರುವ ಸಿದ್ದಿ ಕೇರಿಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರೆಂಬುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಮಾತು.

“ಇವಳ ಪೂರ್ವಿಕರನ್ನು ನೂರಾರು ವರ್ಷಗಳ ಹಿಂದೆ ಗುಲಾಮರನ್ನಾಗಿ ಹಡಗಿನಲ್ಲಿ ತಂದರು,” ಮಾಸ್ತರರ ದನಿ ತುಂಬಿ ಬಂದಿತ್ತು. “ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರು. ಇವಳ ಕೂದಲು ನೋಡಿ. ಮೈಬಣ್ಣ ನೋಡಿ. ನಮ್ಮ ಹಾಗೆ ಇದೆಯೇ?”

“ಇಲ್ಲ ಸರ್,” ತರಗತಿ ಒಂದೇ ರಾಗದಲ್ಲಿ ಹೇಳಿತು.

“ಆದರೂ ಇವಳು ನಮ್ಮವಳೇ ಅಲ್ಲವೇ?”

“ಹೌದು ಸರ್.”

“ಇವಳನ್ನು ಬೇರೆ ಎಂದು ನೋಡಬಹುದೇ?”

“ನೋಡಬಾರದು ಸರ್.”

ಹುಡುಗಿ ಕೈ ಕಟ್ಟಿಕೊಂಡು ಎದುರಿನ ಕಿಟಕಿಯ ಮೇಲೆ ಕಣ್ಣು ನೆಟ್ಟಿದ್ದಳು. ಪಾಠ ಮುಗಿಯುವವರೆಗೂ ಹಾಗೇ ನಿಂತಿದ್ದಳು. ನನ್ನ ಪಕ್ಕ ಕೂತಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೆಲ್ಲು ಹೊಡೆದಾಗ ವೀಕ್ಷಕರೆಲ್ಲ ಚಪ್ಪಾಳೆ ತಟ್ಟಿದರು. ಕೈಯಲ್ಲಿದ್ದ ಪಾಠ ಯೋಜನೆಯನ್ನು ನಾನು ಆಗ ಸರಿಯಾಗಿ ನೋಡಿದೆ. ಬೋಧನೋಪಕರಣಗಳು ಎಂಬಲ್ಲಿ ದುಂಡಾದ ಅಕ್ಷರದಲ್ಲಿ ಬರೆದಿತ್ತು: ಗ್ಲೋಬ್, ಪ್ರಪಂಚದ ಭೂಪಟ, ಸಿದ್ದಿ ವಿದ್ಯಾರ್ಥಿನಿ.

ಸ್ಥಳೀಯ ಸಂಪನ್ಮೂಲ ಬಳಸಿ, ಮಕ್ಕಳಿಗೆ ಹತ್ತಿರದ ಉದಾಹರಣೆ ಕೊಡಿ ಎಂದು ನಾವು ಪ್ರತಿ ತರಬೇತಿಯಲ್ಲೂ ಹೇಳುತ್ತೇವೆ. ಮಾಸ್ತರರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಅಂಕ ಕೊಡುವ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ. ಅಧಿಕಾರಿ ಅಷ್ಟರಲ್ಲಿ, “ಇದೇ ಪಾಠ, ಇದೇ ಹುಡುಗಿ. ಕಾರವಾರಕ್ಕೆ ಇದೇ ಬರಬೇಕು,” ಎಂದು ಹೇಳಿ ಜೀಪು ಹತ್ತಿದರು.

ಮುಂದಿನ ವಾರ ಕಾರವಾರದ ಪಾಠದ ಸಿದ್ಧತೆಗೆಂದು ಮತ್ತೆ ಆ ಶಾಲೆಗೆ ಹೋದೆ. ಮಾಸ್ತರರು ಉತ್ಸಾಹದಿಂದ ದೊಡ್ಡ ಭೂಪಟ ಬರೆಸುತ್ತಿದ್ದರು. ಅವರ ಉತ್ಸಾಹದ ಎದುರು ನನಗೆ ಹೇಳಲು ಬಾಯಿ ಬರಲಿಲ್ಲ. ಏನೋ ಎರಡು ಮಾತಾಡಿ ಹೊರಬಿದ್ದು ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತೆ. ಹುಬ್ಬಳ್ಳಿ ಕಡೆಯಿಂದ ಅದಿರಿನ ಲಾರಿಗಳು ಸಾಲಾಗಿ ಬರುತ್ತಿದ್ದವು, ಮೈ ಮುಖವೆಲ್ಲ ಕೆಂಪು ಧೂಳು. ಆ ಹುಡುಗಿ ಅಂಗಡಿಯಿಂದ ಸೋಪು ತೆಗೆದುಕೊಂಡು ಹಾಸ್ಟೆಲಿಗೆ ಹೊರಟವಳು ನನ್ನನ್ನು ಕಂಡು ನಿಂತಳು. ಏನೋ ಕೇಳಲಿದೆ ಎಂದು ಅವಳ ಮುಖವೇ ಹೇಳುತ್ತಿತ್ತು.

ಸಿದ್ದಿಯರ ಮನೆಮಾತು ಒಂದು ಬಗೆಯ ಕೊಂಕಣಿ. ನಮ್ಮ ಮನೆಯಲ್ಲೂ ಕೊಂಕಣಿಯೇ. “ಕಿತೆಂ ಜಾಲೆಂ ಗೋ?” ಏನಾಯಿತೇ ಎಂದು ಕೇಳಿದೆ. ಅವಳು ಥಟ್ಟನೆ ತಲೆಯೆತ್ತಿದಳು. ಒಂದು ಕ್ಷಣ ನಕ್ಕಳು ಕೂಡ. ಮುಂದಿನ ಮಾತು ಅರ್ಧ ಅವಳ ಕೊಂಕಣಿ, ಅರ್ಧ ಕನ್ನಡ.

“ಅಕ್ಕೋರೆ, ಕಾರವಾರದಲ್ಲೂ ನಾ ಮುಂದೆ ನಿಲ್ಲೂದಾ?”

“ನಿನಗೆ ಇಷ್ಟವಿಲ್ಲವಾ?”

ಅವಳು ಸೋಪಿನ ಪೊಟ್ಟಣ ಉಜ್ಜುತ್ತ ನಿಂತಳು. “ಅವತ್ತಿಂದ ಹುಡುಗ್ರು ಎಲ್ಲಾ ‘ಇವಳ ಕೂದಲು ನೋಡಿ, ಮೈಬಣ್ಣ ನೋಡಿ’ ಅಂತ ಸರ್ ದನಿ ಮಾಡಿ ಹೇಳ್ತ್ರು. ಮೊದಲು ವೆಸ್ಟ್ ಇಂಡೀಸ್ ಅಂತಿದ್ರು, ಅದು ರೂಢಿ ಆಗಿತ್ತು. ಇದು ರೂಢಿ ಆತಿಲ್ಲ.”

ಭೇದ ಮಾಡಬಾರದೆಂದು ಕಲಿಸಿದ ಪಾಠವೇ ಮಕ್ಕಳಿಗೆ ಹೊಸ ಬೈಗುಳವಾಗಿತ್ತು. ತಡಬಡಿಸಿ, “ನೀನು ಬರುವುದೇ ಬೇಡ. ನಾನು ನಿಮ್ಮ ಸರ್ ಹತ್ತಿರ ಹೇಳಿ ನಿನ್ನನ್ನು ಬಿಡಿಸುತ್ತೇನೆ,” ಎಂದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವಳ ಮುಖ ಬಾಡಿತು. “ಅಂದ್ರೆ ಎಲ್ಲಾರೂ ಹೋತ್ರು, ನಾ ಒಬ್ಬಳೇ ಹಾಸ್ಟೆಲಲ್ಲಿ ಕೂರೂದಾ? ಪಾಠ ಆದ್ಮೇಲೆ ಸಮುದ್ರದ ಬದಿ ಯುದ್ಧದ ಹಡಗು ತೋರಿಸ್ತ್ರಂತೆ. ನಾ ಹಡಗು ಒಳಗೆ ಹೋಗಿ ನೋಡ್ಲಿಲ್ಲ.” ಸೋಪಿನ ಪೊಟ್ಟಣ ಕೈ ಬದಲಿಸಿ, “ಪಾಠ ಬದಲು ಮಾಡುಕೆ ಬರುದಿಲ್ವಾ ಅಕ್ಕೋರೆ?” ಎಂದಳು. ಆಮೇಲೆ ಹಾಸ್ಟೆಲಿನ ಕಡೆ ಎರಡು ಹೆಜ್ಜೆ ಇಟ್ಟವಳು ತಿರುಗಿ, ಅಷ್ಟೇನೂ ಮುಖ್ಯವಲ್ಲ ಎಂಬಂತೆ ಇನ್ನೊಂದು ಮಾತು ಹೇಳಿದಳು. “ಆ ಪಾಠದ ನೋಟ್ಸ್ ನನ್ನ ಹತ್ರ ಇಲ್ಲ. ಬೋರ್ಡು ನನ್ನ ಬೆನ್ನ ಹಿಂದೆ ಇತ್ತಲ. ಟೆಸ್ಟಿಗೆ ಅದೇ ಬಂತು. ನಾ ಎಂತಾ ಬರೆಯೂದು?”

ಕಾರವಾರದವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಸೀಟು ಸಿಕ್ಕಿದರೂ ಕೂರಬೇಕೆನಿಸಲಿಲ್ಲ. ಬಿಡಿಸುತ್ತೇನೆ ಎಂದು ನಾನು ಹೇಳಿದ ಮಾತು ನನ್ನನ್ನೇ ಕುಟುಕುತ್ತಿತ್ತು. ಪಾಠ ಕೆಟ್ಟದ್ದು, ಆದರೆ ತೆಗೆದು ಹಾಕಲು ಹೊರಟಿದ್ದು ಹುಡುಗಿಯನ್ನು. ಒಂದು ಸಲ ಎಲ್ಲರ ಮುಂದೆ ನಿಲ್ಲಿಸಿ ಬೇರೆ ಮಾಡಿದೆವು, ಇನ್ನೊಂದು ಸಲ ಹಾಸ್ಟೆಲಿನಲ್ಲಿ ಕೂರಿಸಿ ಬೇರೆ ಮಾಡುವುದು. ಬಿಣಗಾ ದಾಟುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಹುಡುಗಿ ಕಾರವಾರಕ್ಕೆ ಬರಬೇಕು, ಎಲ್ಲರ ಜೊತೆ ಬೆಂಚಿನಲ್ಲಿ ಕೂರಬೇಕು. ಬದಲಾಗಬೇಕಾದದ್ದು ಪಾಠ.

ಮರುದಿನ ಸ್ಟಾಫ್ ರೂಮಿನಲ್ಲಿ ಮಾಸ್ತರರಿಗೆ ಹೇಳಿದೆ. ಹೇಳುವ ರೀತಿ ಸರಿಯಿರಲಿಲ್ಲ. ಹಿಂದಿನ ದಿನ ನುಂಗಿಕೊಂಡ ಮಾತೆಲ್ಲ ಒಟ್ಟಿಗೆ ಬಂತು. ಜನಾಂಗಭೇದ ಎಂಬ ಶಬ್ದವೂ ಬಂತು.

ಅವರ ಮುಖ ಕೆಂಪಾಯಿತು. “ನನಗೆ ಜನಾಂಗಭೇದ ಅಂತ್ರಾ? ಮೇಡಂ, ಆ ಹುಡುಗಿಯನ್ನ ಏಳನೇ ಇಯತ್ತೆ ಆದ್ಮೇಲೆ ಶಾಲೆ ಬಿಡಿಸುಕೆ ಹೊರಟಿದ್ರು. ನಾ ಘಟ್ಟ ಹತ್ತಿ ಹೋಗಿ ಅವಳಪ್ಪನ ಕಾಲು ಹಿಡಿಯೂದೊಂದು ಬಾಕಿ. ಹಾಸ್ಟೆಲಿಗೆ ಸೇರಿಸಿದ್ದು ನಾನು. ಮಗಳ ಹಂಗೆ ನೋಡ್ತೆ ಅವಳನ್ನ. ನೀವು ಶನಿವಾರ ಬಂದು ಭಾಷಣ ಮಾಡಿ ಹೋಗವರು, ನಿಮಗೆ ಎಂತಾ ಗೊತ್ತು?”

ಎಲ್ಲವೂ ನಿಜವಾಗಿತ್ತು. ಅವರಷ್ಟು ಆ ಹುಡುಗಿಗಾಗಿ ಮಾಡಿದವರು ಯಾರೂ ಇರಲಿಲ್ಲ. ಅದಕ್ಕೇ ನನಗೂ ರೇಗಿತು. “ನಿಮ್ಮ ಸ್ವಂತ ಮಗಳನ್ನು ಹಾಗೆ ನಿಲ್ಲಿಸಿ ಕೂದಲು ನೋಡಿ ಎನ್ನುತ್ತಿದ್ದಿರಾ?” ಎಂದೆ. ಅವರು ಎದ್ದು ಕಿಟಕಿಯ ಕಡೆ ಹೋದರು. ಹೆಡ್‌ಮಾಸ್ತರರು ನಡುವೆ ಬಂದು ಚಹಾ ತರಿಸಿದರು. ಚಹಾ ಆರುತ್ತ ಕೂತಿತು.

ನಾನು ಸೋತು, ಹೊರಡುವ ಮೊದಲು ಉಳಿದ ಒಂದು ಮಾತು ಹೇಳಿದೆ. ಆ ಪಾಠದ ಮೇಲಿನ ಟೆಸ್ಟಿನಲ್ಲಿ ಅವಳು ಏನೂ ಬರೆದಿಲ್ಲ, ನೋಡಿದ್ದೀರಾ ಎಂದೆ.

“ನೋಡಿದೆ. ಇತ್ತಿತ್ತಲಾಗೆ ಲಕ್ಷ್ಯ ಕಮ್ಮಿ ಆಗದೆ ಅವಳದ್ದು.”

“ಲಕ್ಷ್ಯ ಅಲ್ಲ ಮಾಸ್ತರೆ. ನೀವು ಅಷ್ಟು ಚಂದ ಬರೆದ ಬೋರ್ಡು ಅವಳಿಗೆ ಕಾಣಲಿಲ್ಲ. ಪಾಠ ಮುಗಿಯುವವರೆಗೂ ಅವಳು ಅದಕ್ಕೆ ಬೆನ್ನು ಹಾಕಿ ನಿಂತಿದ್ದಳು. ಇಡೀ ತರಗತಿಯಲ್ಲಿ ನೋಟ್ಸ್ ಇಲ್ಲದವಳು ಅವಳೊಬ್ಬಳೇ.”

ಅವರು ತಿರುಗಿ ನೋಡಿದರು. ಜನಾಂಗಭೇದ ಎಂಬ ಶಬ್ದ ಕೇಳಿ ಸಿಡಿದೆದ್ದವರು ಈಗ ಬಂದು ಆರಿದ ಚಹಾದ ಮುಂದೆ ಕೂತರು. ಒಬ್ಬ ಮಾಸ್ತರನಿಗೆ ತನ್ನ ತರಗತಿಯಲ್ಲಿ ಒಂದು ಮಗು ಪಾಠವಿಲ್ಲದೆ ನಿಂತಿತ್ತು ಎಂಬುದಕ್ಕಿಂತ ದೊಡ್ಡ ಆರೋಪ ಇರಲಾರದು. ಮಧ್ಯಾಹ್ನದ ಬೆಲ್ಲು ಹೊಡೆಯಿತು. ಅವರು ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದರು. ಅವತ್ತು ಆ ಪಾಠವನ್ನು ಮೊದಲಿನಿಂದ ಬೋರ್ಡಿನ ಮೇಲೆ ಬರೆದರಂತೆ, ಒಬ್ಬಳಿಗಾಗಿ. ಎಲ್ಲರಿಗೂ ಪುನರಾವರ್ತನೆ ಎಂದು ಹೇಳಿದರಂತೆ.

ರಾತ್ರಿ ಊಟದ ಹೊತ್ತಿಗೆ ನನ್ನ ಮನೆಗೆ ಫೋನು ಬಂತು. “ಮೇಡಂ, ಪಾಠ ಬದಲು ಮಾಡುವಾ. ಹೇಗೆ ಅಂತ ಮಾತ್ರ ಕೇಳಬೇಡಿ,” ಎಂದರು.

ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ನಾನು ಮೊದಲು ತಂದ ಯೋಜನೆ ಬರೀ ದಕ್ಷಿಣ ಆಫ್ರಿಕಾದ್ದು. ಅವರು ಓದಿ ಪಕ್ಕಕ್ಕಿಟ್ಟು, “ಇದರಲ್ಲಿ ಯಾರಿಗೂ ಎಂತದೂ ಚುಚ್ಚೂದಿಲ್ಲ. ಮಕ್ಕಳು ಇಸವಿ ಬಾಯಿಪಾಠ ಮಾಡ್ತ್ರು, ಹೊರಗೆ ಹೋಗಿ ವೆಸ್ಟ್ ಇಂಡೀಸ್ ಅಂತ್ರು,” ಎಂದರು. ಆಮೇಲೆ ಅವರು ಒಂದು ಕಿರುನಾಟಕ ಬರೆದು ತಂದರು. ಅದರಲ್ಲಿ ಭೇದ ಮಾಡುವವನು ಒಬ್ಬ ಖಳ, ಕೊನೆಗೆ ಎಲ್ಲರೂ ಸೇರಿ ಅವನನ್ನು ಸರಿ ಮಾಡುತ್ತಾರೆ. “ಈ ಖಳ ಯಾವ ಊರಿನವನು?” ಎಂದು ನಾನು ಕೇಳಿದೆ. ಅವರಿಗೇ ನಗು ಬಂತು. ಆ ನಾಟಕವೂ ಹೋಯಿತು.

ನಾವು ಎಡವುತ್ತಿದ್ದದ್ದು ಒಂದೇ ಕಡೆ. ಭೇದಕ್ಕೆ ಒಳಗಾದವರನ್ನು ತೋರಿಸಿ ಕಲಿಸಲು ಹೋಗುತ್ತಿದ್ದೆವು. ಮಾಡುವವರು ಎಲ್ಲೋ ದೂರದ ಬಿಳಿಯರು, ಇಲ್ಲವೇ ನಾಟಕದ ಖಳರು. ತರಗತಿಯಲ್ಲಿ ಕೂತ ಮಕ್ಕಳಿಗೂ ಹಿಂದೆ ಕೂತ ನಮಗೂ ಕಣ್ಣೀರು ಹಾಕುವ ಕೆಲಸ ಮಾತ್ರ ಉಳಿಯುತ್ತಿತ್ತು. ಹೊಣೆ ಯಾರ ಮೇಲೂ ಬೀಳುತ್ತಿರಲಿಲ್ಲ.

ದಾರಿ ತೆರೆದದ್ದು ಮಾಸ್ತರರು. ಒಂದು ಸಂಜೆ ಖಾಲಿ ತರಗತಿಯಲ್ಲಿ ಬೋರ್ಡು ಒರೆಸುತ್ತಿದ್ದವರು ಸುಮ್ಮನೆ ಒಂದು ವಾಕ್ಯ ಬರೆದರು. ‘ಬಣ್ಣ ಹಚ್ಚೂದು ಬೇಡ, ರಾಕ್ಷಸನ ಪಾರ್ಟಿಗೆ ಹಾಗೇ ನಿಂತ್ರೆ ಸಾಕು.’

“ಇದು ಯಾರ ಮಾತು?” ಎಂದೆ.

“ನನ್ನದು. ಹೋದ ವರ್ಷ ಶಾಲೆಯ ಗ್ಯಾದರಿಂಗಿನ ನಾಟಕದ ತಾಲೀಮಲ್ಲಿ ಅಂದದ್ದು. ಎಲ್ಲಾರೂ ನಕ್ಕರು. ನನಗೆ ಚಲೋ ಜೋಕು ಮಾಡಿದೆ ಅನ್ನಿಸಿತ್ತು.” ಅವರು ಸೀಮೆಸುಣ್ಣ ಕೆಳಗಿಟ್ಟರು. “ಇಲ್ಲಿಂದ ಸುರು ಮಾಡುವಾ ಮೇಡಂ.”

ಮರುದಿನ ಅವರು ಆ ಹುಡುಗಿಯನ್ನು ಕರೆದು, ಈ ಮಾತನ್ನು ಕಾರವಾರದಲ್ಲಿ ಬೋರ್ಡಿನ ಮೇಲೆ ಬರೆಯಲೇ ಎಂದು ಕೇಳಿದರು. ನಾನು ಅಲ್ಲೇ ಇದ್ದೆ. “ಯಾರಿಗೆ ಅಂದದ್ದು ಅಂತ ಬರೀಬೇಡಿ ಸರ್. ಅಂದವರದ್ದು ಬೇಕಾರೆ ಬರೀರಿ,” ಎಂದಳು. ಮಾಸ್ತರರು ಆಗಲಿ ಎಂದು ತಲೆಯಾಡಿಸಿದರು. ಅವರ ಕಣ್ಣು ತೇವವಾಗಿತ್ತು. ಅವಳು ಅದನ್ನು ನೋಡದವಳಂತೆ ಹೊರಗೆ ಓಡಿದಳು.

ಹೀಗೆ ಪಾಠದ ರೂಪ ಬಂತು. ಬೋರ್ಡಿನ ಮೇಲೆ ಒಂದು ವಾಕ್ಯ, ಅದರ ಕೆಳಗೆ ಮೂರು ಅಂಕಣ: ಆಡಿದವರು, ನಕ್ಕವರು, ಸುಮ್ಮನಿದ್ದವರು. ಯಾರಿಗೆ ಎಂಬ ಅಂಕಣ ಇಲ್ಲ. ಇನ್ನೊಂದು ತೀರ್ಮಾನ ಅದಕ್ಕಿಂತ ಕಷ್ಟದ್ದಾಗಿತ್ತು. ಮಕ್ಕಳಿಗೆ ಉತ್ತರ ಹೇಳಿಕೊಡಬಾರದು. ಹೇಳಿಕೊಟ್ಟರೆ ತಪ್ಪೊಪ್ಪಿಗೆಯನ್ನೂ ಅವರು ರಾಗವಾಗಿ ಒಪ್ಪಿಸಿಬಿಡುತ್ತಾರೆ. ಮಾಸ್ತರರಿಗೆ ನಿದ್ದೆ ಹೋಯಿತು. “ಅಷ್ಟು ಜನರ ಮುಂದೆ ಮಕ್ಕಳು ಬಾಯಿ ಬಿಡದಿದ್ರೆ ಎಂತಾ ಮಾಡೂದು?” ಎಂದು ಕೇಳುತ್ತಲೇ ಇದ್ದರು. ಬಿಡದಿದ್ದರೆ ಬಿಡದ ತರಗತಿಯನ್ನೇ ಎಲ್ಲರೂ ನೋಡಲಿ ಎಂದೆ. ಹಾಗೆ ಹೇಳುವಾಗ ನನಗೂ ಪುಕಪುಕ ಎನ್ನುತ್ತಿತ್ತು.

ಅಧಿಕಾರಿಗೆ ಫೋನು ಮಾಡಿ ಪಾಠ ಬದಲಾಗಿದೆ ಎಂದೆ.

“ಆ ಹುಡುಗಿ ಇರುತ್ತಾಳೆ ತಾನೆ? ಅದೇ ಮುಖ್ಯ ಆಕರ್ಷಣೆ ಮೇಡಂ. ಆಮಂತ್ರಣದಲ್ಲೂ ಹಾಕಿಸಿದ್ದೇನೆ.”

“ತರಗತಿಯಲ್ಲಿ ಇರುತ್ತಾಳೆ ಸರ್. ಮುಂದೆ ನಿಲ್ಲುವುದಿಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಹಿಂದುಳಿದ ಮಗುವಿಗೆ ವೇದಿಕೆ ಕೊಡುವುದನ್ನು ನೀವೇ ತಪ್ಪಿಸುತ್ತೀರಲ್ಲ ಎಂದು ಬೇಸರಪಟ್ಟರು. ನಮ್ಮ ಪ್ರಾಚಾರ್ಯರು ಕರೆದು, ಪಾಠ ಕೆಟ್ಟರೆ ಹೆಸರು ಸಂಸ್ಥೆಯದ್ದು ಹೋಗುತ್ತದೆ, ಜವಾಬ್ದಾರಿ ನಿಮ್ಮದು ಎಂದರು. ನನ್ನದೇ ಎಂದು ಹೇಳಿ ಬಂದೆ. ಹೊಣೆಯ ಬಗ್ಗೆ ಇಷ್ಟು ಶನಿವಾರ ಭಾಷಣ ಮಾಡಿದ ಮೇಲೆ ಬೇರೆ ಏನು ಹೇಳಲು ಬರುತ್ತಿತ್ತು?

ಸಮಾವೇಶದ ದಿನ ಮಕ್ಕಳು ಎಣ್ಣೆ ಹಚ್ಚಿ ಬಾಚಿದ ತಲೆ, ಒಗೆದ ಯೂನಿಫಾರ್ಮಿನಲ್ಲಿ ಬಂದಿಳಿದರು. ಸಭಾಂಗಣದ ಮುಂಭಾಗದಲ್ಲಿ ಅವರಿಗೆ ಬೆಂಚು, ಎದುರು ಬೋರ್ಡು, ಹಿಂದೆ ಜಿಲ್ಲೆಯ ಶಿಕ್ಷಕರು. ಬದಿಯ ಸೋಫಾದಲ್ಲಿ ಅಧಿಕಾರಿಗಳು. ಹುಡುಗಿ ನಡುವಿನ ಬೆಂಚಿನಲ್ಲಿ ಗೆಳತಿಯರ ಮಧ್ಯೆ ಕೂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಮಾಸ್ತರರು ವಾಕ್ಯ ಬರೆದರು. ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮಾಸ್ತರರು ಮೊದಲ ಅಂಕಣದಲ್ಲಿ ‘ನಾನು’ ಎಂದು ಬರೆದು ತಿರುಗಿದರು. “ಈ ಮಾತು ಆಡಿದವನು ನಾನು. ತಾಲೀಮಿನಲ್ಲಿ ನೀವೆಲ್ಲ ಇದ್ದಿರಿ. ಇನ್ನು ಉಳಿದ ಎರಡು ಅಂಕಣ ತುಂಬಿಸಿ.”

ಯಾರೂ ಏಳಲಿಲ್ಲ. ಮಾಸ್ತರರ ಕೈಯಲ್ಲಿನ ಸೀಮೆಸುಣ್ಣ ಮುರಿಯಿತು. ಸೋಫಾದಲ್ಲಿ ಕೆಮ್ಮು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡು, ಮುಗಿಯಿತು ಕಥೆ ಎಂದುಕೊಂಡೆ.

“ನಕ್ಕವರಲ್ಲಿ ನಾ ಇದ್ದೆ ಸರ್.” ಕಿಟಕಿ ಬದಿಯ ಹುಡುಗನೊಬ್ಬ ಎದ್ದಿದ್ದ. ಅವನ ಬೆನ್ನಿಗೆ ಇನ್ನಿಬ್ಬರು ಎದ್ದರು. ಆಮೇಲೆ ಮೊದಲ ಬೆಂಚಿನ ಜಾಣ ಹುಡುಗ ವಾದಕ್ಕೇ ನಿಂತ. “ಸರ್, ಸುಮ್ಮನಿದ್ದವರದ್ದು ಎಂತಾ ತಪ್ಪು? ನಾವು ನಗ್ಲೂ ಇಲ್ಲ, ಹೇಳ್ಲೂ ಇಲ್ಲ. ನಮ್ಮನ್ನ ಎಂತಕೆ ಬೋರ್ಡ್ ಮೇಲೆ ಬರೆಯೂದು?”

ಉತ್ತರ ನೀವೇ ಹೇಳಿ ಎಂಬಂತೆ ಮಾಸ್ತರರು ತರಗತಿಯನ್ನೇ ನೋಡಿದರು. ಮೀನುಗಾರರ ಕೇರಿಯ ಒಬ್ಬಳು ಹುಡುಗಿ ಎದ್ದಳು. “ಬಸ್ಸಲ್ಲಿ ನಂಗೆ ಒಬ್ಬರು ಮೀನು ನಾತ, ದೂರ ನಿಲ್ಲು ಅಂದ್ರು ಸರ್. ನಾ ಅಂದವರ ಮುಖ ನೋಡ್ಲಿಲ್ಲ. ನನ್ನ ಗೆಳತಿ ಎಂತಾ ಮಾಡ್ತದೆ ಅಂತ ಅದರ ಮುಖ ನೋಡ್ದೆ. ಅದು ಕಿಟಕಿ ಹೊರಗೆ ನೋಡ್ತಿತ್ತು.”

ಜಾಣ ಹುಡುಗ ನಿಂತೇ ಇದ್ದ. ಆಮೇಲೆ ಮೆಲ್ಲಗೆ, “ಹಾಗಾರೆ ನನ್ನ ಹೆಸರು ಬರೀರಿ ಸರ್, ಮೂರನೇದ್ರಲ್ಲಿ,” ಎಂದು ಕೂತ. ಹಿಂದಿನ ಸಾಲುಗಳಲ್ಲಿ ಕೂತ ಮಾಸ್ತರರು, ಅಕ್ಕೋರುಗಳು ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಣ್ಣು ನೋಡುವಾಗ ಬಣ್ಣ ಕೇಳಿದ್ದು ಮನೆಯವಳು ಎಂದಿದ್ದ ಹಿರಿಯರು ತಲೆ ತಗ್ಗಿಸಿ ಕೂತಿದ್ದರು.

ಬೆಲ್ಲು ಹೊಡೆಯಿತು. ಅಧಿಕಾರಿ ಮೈಕು ತೆಗೆದುಕೊಂಡು ಎದ್ದರು. ಅವರು ಕೆಟ್ಟ ಮನುಷ್ಯರಲ್ಲ, ಅವರ ದನಿಯಲ್ಲಿ ಅಕ್ಕರೆಯೇ ಇತ್ತು. “ಪಾಠ ಹೊಸ ರೀತಿ ಇತ್ತು. ಆದರೆ ಮಾಸ್ತರೇ, ಆ ಮಾತನ್ನು ಯಾರಿಗೆ ಅಂದದ್ದು ಎಂದು ಹೇಳಲೇ ಇಲ್ಲವಲ್ಲ?” ಬೆಂಚುಗಳ ಮೇಲೆ ಅವರ ಕಣ್ಣು ಆಡಿತು, ನಡುವಿನ ಬೆಂಚಿನ ಮೇಲೆ ನಿಂತಿತು. “ಓ, ಇಲ್ಲಿದ್ದಾಳಲ್ಲ. ಏಳಮ್ಮಾ, ಎದ್ದು ಈ ಕಡೆ ಬಾ. ಎಲ್ಲರೂ ನೋಡಲಿ.”

ಇಡೀ ಸಭಾಂಗಣ ಕತ್ತು ತಿರುಗಿಸಿತು. ನಾನು ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತೆ. ದೊಡ್ಡವರು ಏಳು ಎಂದರೆ ನಮ್ಮ ಮಕ್ಕಳು ಏಳುತ್ತಾರೆ, ಮೈಗೆ ಹತ್ತಿದ ಅಭ್ಯಾಸ. ಅವಳ ಕೈ ಬೆಂಚಿನ ಅಂಚು ಹಿಡಿಯಿತು. ಪೆನ್ನು ಕೆಳಗೆ ಬಿತ್ತು. ಅವಳು ಏಳತೊಡಗಿದಳು.

“ಬೇಡ ಸರ್,” ಮಾಸ್ತರರು ಬೋರ್ಡಿನ ಹತ್ತಿರದಿಂದ ಹೇಳಿದರು. ನಾಟಕದ ದನಿಯಲ್ಲ, ಸ್ವಲ್ಪ ನಡುಗುವ ದನಿ. “ಯಾರದ್ದಾದ್ರೂ ಮುಖ ನೋಡೂದಿದ್ರೆ ನನ್ನದು ನೋಡ್ಲಿ. ಅಂದವನು ನಾನು.”

ಅಧಿಕಾರಿ ಮೈಕು ಹಿಡಿದು ನಿಂತೇ ಇದ್ದರು. ಹುಡುಗಿ ಅವರ ಕಡೆ ನೋಡಿದಳು, ಮಾಸ್ತರರ ಕಡೆ ನೋಡಿದಳು. ಆಮೇಲೆ, ಅರ್ಧ ಎದ್ದಿದ್ದವಳು, ಕೂತಳು.